ಗುಡ್ಡದಲ್ಲಿರುವವರಿಗೆ ಮಾತ್ರೆ

ತಳಕು
9-2-2025

ಜ್ಯೋತಿಲಕ್ಷ್ಮಿಯ ಅಪ್ಪನವರಿಗೆ ನಿಮ್ಮ ಸೂರಮ್ಮ ಮಾಡುವ ನಮಸ್ಕಾರಗಳು.

ನಾನೂ ಮಗಳೂ ಚೆನ್ನಾಗಿದ್ದೇವೆ. ಕಾಗದ ತಡವಾಯಿತು, ಬೈದುಕೊಳ್ಳಬೇಡಿ. ಸಿದ್ದಾಪುರದ ಗುಡ್ಡದಲ್ಲಿ ನಿಮ್ಮ ಫೋನು ಸಿಗುವುದಿಲ್ಲ, ಕುರಿಗಳ ಹಿಂದೆ ಹೋದರೆ ನಿಮಗೆ ಮನೆಯ ನೆನಪೂ ಇರುವುದಿಲ್ಲ. ಇಲ್ಲಿ ಬಿಟ್ಟುಹೋದ ಕರಿ ಕುರಿ ಅವಳಿ ಮರಿ ಹಾಕಿದೆ. ಕುರಿ ವ್ಯಾಪಾರದ ಲಾಲ್ ಸಾಬರು ನಾಳೆ ಮತ್ತೆ ಆ ಕಡೆ ಬರುತ್ತಾರಂತೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಸೋಮವಾರ ಅವರು ಮನೆಗೇ ಬಂದಿದ್ದರು. "ಗಾಬರಿ ಆಗ್ಬೇಡಮ್ಮಾ, ಎರ್ರಿಸ್ವಾಮಣ್ಣ ಬಂಡೆ ಹತ್ರ ಬಿದ್ಬಿಟ್ಟಿದ್ರು. ಕೈಕಾಲು ಒದ್ದಾಡ್ತಿತ್ತು" ಎಂದರು. ಮೂರು ವರ್ಷದಿಂದ ಸುಮ್ಮನಿದ್ದ ನಿಮ್ಮ ಫಿಟ್ಸು ಮತ್ತೆ ಬಂತೇ! "ಜೊತೆಗಿದ್ದೋರು ಯಾರೂ ಮುಟ್ಲಿಲ್ಲ. ಎಂಜಲು ತಾಗಿದ್ರೆ ಅಂಟ್ಕೊಳ್ತೈತೆ ಅಂತ ದೂರ ನಿಂತಿದ್ರು. ನಾನೇ ಮಗ್ಗುಲಿಗೆ ಹೊರಳಿಸ್ದೆ." ನಿಮ್ಮ ಗೆಳೆಯ ಸಣ್ಣತಿಮ್ಮಪ್ಪ ಮಾತ್ರ ಓಡಿಬಂದು ನಿಮ್ಮ ಕೈಗೆ ಕುಡುಗೋಲು ಹಿಡಿಸಲು ಹೋದನಂತೆ. ಕಬ್ಬಿಣ ಹಿಡಿದರೆ ನಿಲ್ಲುತ್ತದಂತೆ! ಅವನ ಬುದ್ಧಿಗಿಷ್ಟು ಬೆಂಕಿ ಬೀಳ, ಒದ್ದಾಡುವವರ ಕೈಗೆ ಕುಡುಗೋಲೇ? ಅಲ್ಲಿ ಕೃಷಿಹೊಂಡವೂ ಇದೆಯಂತೆ. ನೀರಿನ ಹತ್ತಿರ ಒಬ್ಬರೇ ಹೋಗಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ನಮ್ಮೂರ ಆಸ್ಪತ್ರೆಯಲ್ಲಿ ಮಾತ್ರೆ ಇರಲಿಲ್ಲ. ಬಸ್ಸು ಹತ್ತಿ ಚಳ್ಳಕೆರೆಗೆ ಹೋದೆ. "ಸರಿಯಾಗಿ ನುಂಗ್ತಾರೇನಮ್ಮ?" ಎಂದು ಡಾಕ್ಟರಮ್ಮ ಕೇಳಿದರು. ತಪ್ಪದೆ ನುಂಗುತ್ತಾರೆ ಎಂದು ಆಣೆ ಮಾಡಿ ಹೇಳಿದೆ. "ಊರೂರಲ್ಲೂ ಇಬ್ರು ಮೂವರಿಗೆ ಈ ಕಾಯಿಲೆ ಇರುತ್ತಮ್ಮ. ಎಷ್ಟೋ ಜನ ಆಸ್ಪತ್ರೆಗೇ ಬರಲ್ಲ, ಬಂದೋರೂ ನಡುವೆ ಬಿಟ್ಬಿಡ್ತಾರೆ" ಎಂದರು. ಹೊರಗೆ ಬೆಂಚಿನ ತುಂಬ ಜನ. ಗುರುತಿನವರು ಕಂಡಾರೆಂದು ಸೆರಗು, ಟವೆಲು ಮುಖಕ್ಕೆ ಅಡ್ಡ ಹಿಡಿದಿದ್ದರು. ನಾನೂ ಹಿಡಿದಿದ್ದೆ.

ನಿಜ ಹೇಳಿ, ಗುಡ್ಡಕ್ಕೆ ಹೋದ ಮೇಲೆ ಮಾತ್ರೆ ಬಿಟ್ಟಿರಾ? ಯಾರಾದರೂ ತಾಯತ ಕಟ್ಟಿ, ಇನ್ನು ಮಾತ್ರೆ ಬೇಡ ಎಂದರೇ? ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ. ಮಾತ್ರೆ ಇದರ ಜೊತೆ ಕಳಿಸಿದ್ದೇನೆ. ದೇವರು ನಿಮ್ಮನ್ನು ಒಂಟಿಯಾಗಿ ಬಿಡದಿರಲಿ.

ಇಂತಿ ನಿಮ್ಮ
ಸೂರಮ್ಮ

ವಿ.ಸೂ.: ಕಾಗದ ಮಡಚುವಾಗ ಜ್ಯೋತಿ ಈಸಿಕೊಂಡು ಓದಿದಳು. ಓದಿ ಗೋಡೆಗೊರಗಿ ಅತ್ತಳು. "ಅಪ್ಪನ್ನ ಬೈಬ್ಯಾಡವ್ವ. ದಿನಾ ಅವರ ಮಾತ್ರೇಲಿ ಅರ್ಧ ಮುರಿದು ನನಗೆ ಕೊಡ್ತಿದ್ರು. ನನಗೂ ಬರ್ತೈತೆ." ದೀಪಾವಳಿ ಹೊತ್ತಿಗೆ ಹೊಲದಲ್ಲಿ ಬಿದ್ದಳಂತೆ, ನೀವೇ ಎತ್ತಿದಿರಂತೆ. ಆಸ್ಪತ್ರೆ ಚೀಟಿಯಲ್ಲಿ ಹೆಸರು ಬಿದ್ದರೆ ನಾಳೆ ಗಂಡು ಸಿಗುವುದಿಲ್ಲ ಎಂದಿರಂತೆ. ಗುಡ್ಡಕ್ಕೆ ಹೊರಟಾಗಲೂ ನಿಮ್ಮ ಪಾಲಿನದರಲ್ಲೇ ಅರ್ಧ ಅವಳಿಗೆ ಬಿಟ್ಟು ಹೋದಿರಂತೆ. ಅಯ್ಯೋ ಪುಣ್ಯಾತ್ಮರೇ, ಹೀಗೆ ಇಬ್ಬರಿಗೂ ಸಾಲದಂತೆ ಮಾಡಿದಿರಲ್ಲ! ನಾಳೆ ಅವಳನ್ನು ಚಳ್ಳಕೆರೆಗೆ ಕರೆದೊಯ್ದು ಅವಳ ಹೆಸರಲ್ಲೇ ಚೀಟಿ ಮಾಡಿಸುತ್ತೇನೆ. ಗಂಡು ಸಿಗದಿದ್ದರೆ ಬೇಡ. ಈ ಮಾತ್ರೆಗಳು ನಿಮ್ಮವು, ಇಡಿಯಾಗಿ ನುಂಗಿ.

"ಅವ್ವನಿಗೆ ಹೇಳ್ಬ್ಯಾಡ, ನಿನಗೂ ಬಂತು ಅಂದ್ರೆ ಅವಳು ತಡ್ಕೊಳಲ್ಲ" ಎಂದಿರಂತೆ. ಮದುವೆಯಾದಾಗಿನಿಂದ ನೀವು ಬಿದ್ದಾಗಲೆಲ್ಲ ನಿಮ್ಮ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಯಾರು? ನನ್ನ ಮಗಳು ಬಿದ್ದಾಗ ನನ್ನನ್ನೇಕೆ ಕರೆಯಲಿಲ್ಲ?