ತೋಳಿನ ಮೇಲಿನ ಬೆಳಕು

ಜನವರಿ 7, ಮಧ್ಯಾಹ್ನ 2.10

ಕೂಸು ಅಂತೂ ಮಲಗಿತು. ಫಿಲ್ಮ್ ತೊಳೆದು ಹಗ್ಗಕ್ಕೆ ಹಾಕಿದ್ದೇನೆ, ಕೂಸಿನ ಲಂಗೋಟಿಗಳ ಪಕ್ಕದಲ್ಲಿ. ಹನ್ನೆರಡು ಫ್ರೇಮ್. ಹನ್ನೆರಡರಲ್ಲೂ ಗೆರೆ.

ಮೊಬೈಲಿನಲ್ಲಿ ಪಾಸಿಟಿವ್ ಮಾಡಿ ನೋಡಿದೆ. ಚಿತ್ರದ ಎಡ ಅಂಚಿನಿಂದ ಬಿಳಿ ಬೆಳಕು ನುಗ್ಗಿದೆ — ಸರಿಯಾಗಿ ಭೂರಿಬಾಯಿಯ ತೋಳಿನ ಮೇಲೆ. ಬಳೆಗಳೇ ಕಾಣುವುದಿಲ್ಲ.

ಬಳೆಗಾಗಿಯೇ ತೆಗೆಸಿದ ಫೋಟೋ. ದುಡಿಯಲು ಬಂದು ನಾವಿರುವ ಈ ಫಾತೋರ್ಡಾ ಚಾಳಿನ ಸಾಲಿನಲ್ಲಿ ಕೊನೆಯ ಖೋಲಿ ಅವರದು. ಲಂಬಾಣಿಯವರು, ನಾವೆಲ್ಲ ಯಾಡಿ ಅನ್ನುತ್ತೇವೆ, ತಾಯಿ ಅಂತ. ಹೆರಿಗೆಯಾದ ಮೇಲೆ ನಲವತ್ತು ದಿನ ನನಗೂ ಕೂಸಿಗೂ ನೀರೆರೆದ ಕೈ ಅವರದೇ. ಅವರ ಗಂಡ ಠಾಕಪ್ಪಜ್ಜನನ್ನು ಆಸ್ಪತ್ರೆಯವರು ಮನೆಗೆ ಕಳಿಸಿದ್ದಾರೆ, ಇನ್ನೇನೂ ಮಾಡುವಂತಿಲ್ಲವೆಂದು. ಅಜ್ಜ ಹೋದ ದಿನ ಯಾಡಿಯ ಮೇಲ್ದೋಳಿನ ಬಿಳಿ ಬಳೆ ತೆಗೆಸುತ್ತಾರೆ. ನಲವತ್ತಾರು ವರ್ಷ ತೊಟ್ಟದ್ದು. ಯಾಡಿಯೇ ಬಂದು ಕೇಳಿದ್ದರು:

"ತೆಗಸೂಕಿಂತ ಮೊದಲ ಒಂದ ಫೋಟೋ ತಗಿ ತಂಗಿ. ಮೊಬೈಲದಾಗ ಬ್ಯಾಡ. ಮಗನ ಮೊಬೈಲ್ ಖಾಡಿ ನೀರಾಗ ಬಿತ್ತು, ಅವನ ಮದವಿ ಫೋಟೋ ಎಲ್ಲಾ ಮೀನ ನೋಡಾಕತ್ತಾವು."

ಇನ್ನು ಎರಡೇ ರೋಲ್ ಇವೆ.

ಜನವರಿ 8

ಅಪ್ಪನಿಗೆ ಫೋನ್. ಕ್ಯಾಮೆರಾ ಅವರದೇ. ಮುದ್ದೇಬಿಹಾಳದ ಸ್ಟುಡಿಯೋ ಮುಚ್ಚುವಾಗ ಕೊಟ್ಟದ್ದು. ಮುಂದೆ ಮೇಲೊಂದು ಕೆಳಗೊಂದು ಲೆನ್ಸ್, ಮೇಲಿನಿಂದ ಬಗ್ಗಿ ನೋಡುವ ಡಬ್ಬಿ.

"ಗೆರಿ ಚೌಕಟ್ಟ ದಾಟಿ ಫಿಲ್ಮಿನ ದಂಡೀತನಕ ಹೋಗೇತೇನ?"

"ಹೋಗೇತಿ ಅಪ್ಪಾ."

"ಹಂಗಾರ ಲೆನ್ಸ್ ಬಿಡು. ಹಿಂದಿನ ಮುಚ್ಚಳದ್ದು ಕೆಲಸ. ಎಲ್ಲಾದರಾಗೂ ಒಂದ ಸಮ ಐತೇನ?"

ಇಲ್ಲ. ಐದನೆಯದರಲ್ಲಿ ಹೆಬ್ಬೆರಳಿನಷ್ಟು ದಪ್ಪ. ನೆನಪಾಯಿತು — ಐದನೆಯದಕ್ಕೆ ತಿರುಗಿಸಿಟ್ಟಿದ್ದೆ, ಕೂಸು ಅತ್ತಿತು, ಓಡಿ ಬಂದೆ. ಅರ್ಧ ಗಂಟೆ ಕ್ಯಾಮೆರಾ ಕಟ್ಟೆಯ ಮೇಲೆ, ಬಿಸಿಲಲ್ಲಿ.

"ನೋಡು, ಕುಂತಲ್ಲೇ ಬೆಳಕ ಕುಡದೈತಿ. ಮುಚ್ಚಳದ ಸಂದ್ಯಾಗಿನ ಸ್ಪಂಜ್ ಡಾಂಬರ ಆಗಿರತೈತಿ. ಕೆರದ ಬ್ಯಾರೆ ಹಾಕು."

ಗೆರೆ ಎಡಕ್ಕಲ್ಲವೇ? ಎಡ ಸಂದಿ ಕೆರೆದೆ, ಹೇರ್‌ಪಿನ್ನಿನಿಂದ. ಕಪ್ಪು ಉಲ್ಲನ್ ಅಂಟಿಸಿದೆ. ಅತ್ತೆ ಫಕೀರವ್ವ ಬಾಗಿಲಲ್ಲಿ ನಿಂತು ನೋಡಿದರು.

"ಕೂಸಿನ ಕಿವಿ ಹಿಂಗ ಒರಸಿದ್ದ ಒಂದ ದಿನಾನೂ ನೋಡಲಿಲ್ಲವಾ."

ಉಲ್ಲನ್ನಿನ ತುದಿ ಕತ್ತರಿಸಿ ಮುಚ್ಚಳ ಹಾಕಿದೆ.

ಜನವರಿ 11

ಮೂರು ದಿನ ಕೂಸಿಗೆ ನೆಗಡಿ. ಮೂಗು ಕಟ್ಟಿದರೆ ಹಾಲು ಹಿಡಿಯುವುದಿಲ್ಲ. ಗಂಡ ಭೀಮಶಿಗೆ ಬಂದರಿನಲ್ಲಿ ಡಬಲ್ ಪಾಳಿ. ಉಸಿರಾಡುತ್ತಿದೆಯಾ ಎಂದು ಮೂಗಿನ ಬಳಿ ಬೆರಳು ಹಿಡಿದುಕೊಂಡೇ ಬೆಳಗು ಮಾಡಿದೆ.

ಇವತ್ತು ಪರೀಕ್ಷೆಗೆಂದು ಒಂದು ರೋಲ್ ಹಾಳು ಮಾಡಿದೆ. ಗೋಡೆ, ಬಕೆಟ್, ಗೋಡೆ. ತೊಳೆದೆ.

ಗೆರೆ ಅಲ್ಲೇ ಇದೆ.

ಏನೂ ತೋಚುತ್ತಿಲ್ಲ... ನಾನು ಮುಟ್ಟಿದ್ದು ಯಾವುದೂ ಸರಿಯಾಗುವುದಿಲ್ಲವೇನೋ. ನಲ್ಲಿಯ ಹತ್ತಿರ ಯಾಡಿ ಸಿಕ್ಕರು. ಅಜ್ಜ ಈಗ ಚಮಚದಲ್ಲಿ ನೀರಷ್ಟೇ ಕುಡಿಯುತ್ತಾರಂತೆ.

"ಫೋಟೋ ಬಂತೇನ ತಂಗಿ?"

"ಇನ್ನ ತೊಳೀಬೇಕ್ರಿ ಯಾಡಿ."

ಸುಳ್ಳು. ಉಳಿದದ್ದು ಒಂದೇ ರೋಲ್.

ಜನವರಿ 12, ಬೆಳಿಗ್ಗೆ 11

ಮತ್ತೆ ಅಪ್ಪ.

"ಯಾವ ಬಾಜೂ ಉಲ್ಲನ್ ಹಚ್ಚಿದಿ?"

"ಎಡಕ್ಕ. ಗೆರಿ ಎಡಕ್ಕ ಐತೆಲ್ಲ."

ಅಪ್ಪ ನಕ್ಕರು. "ಏ ಹುಚ್ಚಿ! ಕ್ಯಾಮೆರಾದಾಗ ಮಂದಿ ತಲಿಕೆಳಗ ಕುಂದರ್ತಾರ. ಎಡ-ಬಲಾನೂ ಉಲ್ಟಾ. ಹತ್ತ ವರ್ಷದಾಕಿ ಇದ್ದಾಗ ನೀನ ನನಗ ಹೇಳತಿದ್ದಿ. ನಿದ್ದಿ ಮಾಡ್ತಿಯೋ ಇಲ್ಲೋ?"

ಮುಚ್ಚಳ ತೆರೆದೆ. ಬಲ ಸಂದಿ. ಪಿನ್ನು ಹಾಕಿದರೆ ಸ್ಪಂಜ್ ಬರಲಿಲ್ಲ. ದಾರ ಬಂತು. ಕರೀ ದಾರ, ಮೂರು ಗಂಟು ಹಾಕಿದ್ದು. ಕರೀ ಸಂದಿಯಲ್ಲಿ ಕರೀ ದಾರ — ಎಲ್ಲಿ ಕಾಣಬೇಕು? ಗಂಟಿನ ದಪ್ಪಕ್ಕೆ ಮುಚ್ಚಳ ಒಂದು ಕೂದಲೆಳೆ ಎದ್ದು ನಿಂತಿತ್ತು.

"ಅತ್ತೀ, ಇದೇನ್ರಿ?"

"ದಾರ."

"ಯಾರ ಹಾಕಿದ್ದು?"

"ನಾನ ಹಾಕೇನಿ. ಆ ಡಬ್ಬಿಗಿ ಎರಡ ಕಣ್ಣು. ದಿನಾ ಕೂಸಿನ ಮಾರಿಗಿ ಹಿಡೀತಿ. ದೃಷ್ಟಿ ಕಟ್ಟಬ್ಯಾಡೇನು? ಹೊರಗ ಕಟ್ಟಿದ್ರ ಹರದ ಒಗೀತಿದ್ದಿ, ಬಿ.ಎ. ಕಲತಾಕಿ. ಅದಕ ಒಳಗ ತುರುಕಿದೆ."

"ಈ ದಾರದಿಂದ ಯಾಡಿ ಫೋಟೋ ಸುಟ್ಟ ಹೋಗೇತ್ರಿ! ಬಳಿ ಒಂದೂ ಇಲ್ಲ ಅದರಾಗ. ಅಜ್ಜ ಹೋದ್ರ ಮತ್ತ ಎಲ್ಲಿಂದ ತರೂನು ಬಳಿ?"

ಕೂಗಿಬಿಟ್ಟೆ. ಕೂಸು ಬೆಚ್ಚಿ ಅತ್ತಿತು. ಅತ್ತೆಯ ಮುಖ ಬಿಳಿಚಿತು. ಮೆಲ್ಲಗೆ ಕೇಳಿದರು: "ಭೂರಿದು ಹಾಳಾತೇನ?"

ಆಮೇಲೆ ಅವರೇ ಬಚ್ಚಲ ಬಾಗಿಲಿನ ಸಂದಿಗೆಲ್ಲ ಕೌದಿ ತುರುಕಿದರು. ಒಳಗೆ ಕತ್ತಲು. ಕೀ-ಚೈನಿನ ಪುಟ್ಟ ಟಾರ್ಚ್ ಹೊತ್ತಿಸಿ ಕ್ಯಾಮೆರಾದೊಳಗಿಟ್ಟು ಮುಚ್ಚಿದೆ. ಮೊದಲು ದಾರ ಸಂದಿಯಲ್ಲಿ ಹಾಗೇ ಇಟ್ಟು — ಬಲಕ್ಕೆ ಸೂಜಿಯಂಥ ಬೆಳಕು. ದಾರ ತೆಗೆದು, ಉಲ್ಲನ್ ಅಂಟಿಸಿ — ಏನೂ ಇಲ್ಲ. ಒಳಗಿನ ಬೆಳಕು ಹೊರಗೆ ಬರದಿದ್ದರೆ ಹೊರಗಿನದೂ ಒಳಗೆ ಹೋಗಲಿಕ್ಕಿಲ್ಲ. ಹೋಗಲಿಕ್ಕಿಲ್ಲ ಅಂದುಕೊಂಡಿದ್ದೇನೆ. ಫಿಲ್ಮ್ ಹಾಕಿ ನೋಡುವಷ್ಟು ಫಿಲ್ಮ್ ಇಲ್ಲ.

ಜನವರಿ 13, ಬೆಳಿಗ್ಗೆ 9.40

ಫಿಲ್ಮ್ ಡೆವಲಪರ್‌ನಲ್ಲಿ. ಒಂಬತ್ತು ನಿಮಿಷ. ನಿಮಿಷಕ್ಕೊಮ್ಮೆ ಟ್ಯಾಂಕ್ ಅಲುಗಿಸಬೇಕು, ನಡುವೆ ಬರೆಯುತ್ತೇನೆ. ಬರೆಯದಿದ್ದರೆ ಕೂಗಿಬಿಡುತ್ತೇನೆ.

ಎಂಟಕ್ಕೆ ಹೋದೆ. ಯಾಡಿ ಆಗಲೇ ಸಿದ್ಧ. ಕನ್ನಡಿ ಚೂರಿನ ಕಾಂಚಳಿ ಕುಪ್ಪಸ, ತೋಳು ತುಂಬ ಬಳೆ. ಹೊರಗೆ ಗೋಡೆಗೆ ಒರಗಿ ಕೂತರು. ಖೋಲಿಯ ಬಾಗಿಲು ಎಳೆದು ಮುಚ್ಚಿತ್ತು. ಏಳು ಫ್ರೇಮ್ ತೆಗೆದೆ. ಆಮೇಲೆ ನಾನೇ ಅಂದೆ, "ಅಜ್ಜಾರನ್ನ ಎತ್ತಿ ಕುಂದರಸೂನೇನ್ರಿ, ಜೋಡಿ ಒಂದ ಇರಲಿ?"

"ಅಂವ ಬರಾಂಗಿಲ್ಲ."

"ಮಲಗ್ಯಾರೇನ್ರಿ?"

"ನಸುಕಿನ್ಯಾಗ ಹೋದ." ಯಾಡಿ ಲೆನ್ಸಿನಿಂದ ಕಣ್ಣು ತೆಗೆಯಲಿಲ್ಲ. "ನೀ ತಗಿ. ನಾ ಇನ್ನಾ ಅತ್ತಿಲ್ಲ. ಅತ್ತರ ಮಂದಿ ಬರ್ತಾರ. ಮಂದಿ ಬಂದರ ಬಳಿ ತೆಗಸ್ತಾರ."

ಉಳಿದ ಐದು ಹೇಗೆ ತೆಗೆದೆನೋ. ಹೊರಡುವಾಗ ಸೆರಗು ಹಿಡಿದರು: "ಫೋಟೋ ಬಂದೈತಿ ಅಂತ ನೀ ಬಂದ ಹೇಳು. ಅಲ್ಲೀತನ ಅಳಾಂಗಿಲ್ಲ."

10.25

ತೊಳೆದಾಯಿತು. ಎತ್ತಿ ಹಿಡಿದೆ. ಅಂಚು ತಿಳಿ ಗಾಜಿನ ಹಾಗಿದೆ. ಗೆರೆ ಇಲ್ಲ. ಹನ್ನೆರಡರಲ್ಲೂ ಇಲ್ಲ. ಎಂಟನೆಯದು ಅಲುಗಿದೆ — ಅದು ಕ್ಯಾಮೆರಾದ ತಪ್ಪಲ್ಲ. ಬಳೆಗಳನ್ನು ಒಂದೊಂದಾಗಿ ಎಣಿಸಬಹುದು.

ಅತ್ತೆಗೆ ಎಲ್ಲ ಹೇಳಿದೆ. ಕೂಸನ್ನು ನನ್ನ ಕೈಯಿಂದ ಎತ್ತಿಕೊಂಡರು. "ನಡಿಯವಾ. ದಾರಿ ನೋಡಾಕತ್ತಿರ್ತಾಳ."

ಕಿಟಕಿಯಿಂದ ಕಾಣುತ್ತಾರೆ. ಅದೇ ಗೋಡೆ. ಹಾಗೆಯೇ ಕೂತಿದ್ದಾರೆ, ಬೆನ್ನು ನೆಟ್ಟಗೆ, ತೋಳಿನ ತುಂಬ ಬಳೆ. ಯಾರೋ ನೀರಿಗೆ ಹೋಗುವವರು ಏನೋ ಅಂದರು, ಯಾಡಿ ಉತ್ತರ ಕೊಟ್ಟರು.

ಹೋಗಿ ಒಂದೇ ಮಾತು ಹೇಳಬೇಕು. ಬಂದೈತ್ರಿ ಯಾಡಿ. ಅಷ್ಟೇ. ಚಪ್ಪಲಿ ಮೆಟ್ಟಿದ್ದೇನೆ. ಫಿಲ್ಮ್ ಇನ್ನೂ ಆರಿಲ್ಲ... ಆರಲಿ. ಇನ್ನೆರಡು ನಿಮಿಷ—