ಹೆಡರಿಗೆ ಸ್ಟೇನ್‌ಲೆಸ್ಸೇ ಆಗಬೇಕು

ಕಾಪು, ಶುಕ್ರವಾರ

ಅಪ್ಪನಿಗೆ ಹರ್ಷಿಣಿಯ ನಮಸ್ಕಾರ.

ಎದುರು ಕುಳಿತರೆ ಇಬ್ಬರಿಗೂ ಸಿಟ್ಟು ಬರುತ್ತದೆ. ಹಾಗಾಗಿ ಇದನ್ನು ಬರೆದು ನಿಮ್ಮ ವೆಲ್ಡಿಂಗ್ ಹೆಲ್ಮೆಟ್ಟಿನೊಳಗೆ ಇಟ್ಟಿದ್ದೇನೆ.

ನನ್ನ ರೇಸ್ ಕಾರಿನ ಎಂಜಿನ್ನಿನಿಂದ ಹೊಗೆ ಹೊರಗೊಯ್ಯುವ ಹೆಡರ್ ಪೈಪಿಗೆ ಕಬ್ಬಿಣ ಸಾಕು, ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ ಎಂದಿರಿ. ಖರ್ಚಿನ ಮಾತು ನಿಜ. ಆದರೆ ಬೋಟಿನವರು ಸೈಲೆನ್ಸರ್ ಮಾಡಿಸಲು ಬಂದರೆ, "ಉಪ್ಪು ಗಾಳಿಗೆ ಕಬ್ಬಿಣ ಎರಡು ಮಳೆಗಾಲ ನಿಲ್ಲುವುದಿಲ್ಲ ಮಾರಾಯ" ಎಂದು ಸ್ಟೇನ್‌ಲೆಸ್ ಹಾಕಿಸುವವರು ನೀವೇ. ನನಗೆ ಮಾತ್ರ, "ಎರಡು ವರ್ಷ ಬಂದರೆ ಸಾಕು, ಅಷ್ಟರಲ್ಲಿ ಮದುವೆ ಉಂಟಲ್ವಾ" ಎಂದಿರಿ.

ಮದುವೆಯಾದರೂ ನಾನು ಕಾರು ಮಾರುವುದಿಲ್ಲ. ಬಳೆಗೆಂದು ನೀವು ಕೊಟ್ಟ ಹಣದಲ್ಲಿ ಸ್ಟೇನ್‌ಲೆಸ್ ಪೈಪು ತಂದು ಶೆಡ್ಡಿನಲ್ಲಿಟ್ಟಿದ್ದೇನೆ. ಭಾನುವಾರ ವೆಲ್ಡ್ ಮಾಡಿಕೊಡಿ. ಮನಸ್ಸಿಲ್ಲದಿದ್ದರೆ ಹೆಲ್ಮೆಟ್ ಅಲ್ಲೇ ಬಿಟ್ಟು ಹೋಗಿ. ನಾನೇ ಮಾಡುತ್ತೇನೆ.

ನಿಮ್ಮ ಕೆಲಸ ನೋಡಿಯೇ ಬೆಳೆದ,
ಹರ್ಷಿಣಿ