ಹಳದಿ ಹಲ್ಲು ಮಾಡಿಕೊಡುವುದಿಲ್ಲ

೧೬ ಸೆಪ್ಟೆಂಬರ್, ಮಂಗಳವಾರ

ಪ್ರೀತಿಯ ಅಣ್ಣ,

ಒಂದು ವಿಷಯ ಬರೆಯದೆಯೇ ಈ ಪತ್ರ ಮುಗಿಸಿಬಿಡೋಣ ಎಂದುಕೊಂಡಿದ್ದೆ. ಎರಡು ಸಲ ಹಾಗೇ ಮುಗಿಸಿದೆ, ಎರಡನ್ನೂ ಹರಿದುಹಾಕಿದೆ. ಅದು ಕೊನೆಯಲ್ಲಿದೆ. ಅಲ್ಲಿಯವರೆಗೂ ಬೈಗುಳವೇ, ಓದಿಕೋ. ನಿನ್ನ ಆರೋಗ್ಯ, ಅತ್ತಿಗೆಯ ಮಂಡಿನೋವು ಎಲ್ಲ ವಿಚಾರಿಸಬೇಕು, ಇಷ್ಟು ದಿನ ಬರೆಯದ್ದಕ್ಕೆ ಕ್ಷಮೆಯನ್ನೂ ಕೇಳಬೇಕು. ಗೊತ್ತು. ಇವತ್ತು ಮನಸ್ಸಿಲ್ಲ.

ಹೋದ ಶುಕ್ರವಾರ ನನ್ನ ಮೇಜಿಗೆ ನಿನ್ನ ಚೀಟಿ ಬಂತು. ನಮ್ಮ ಲ್ಯಾಬಿನ ಕೆಲಸ ನಿನಗೆ ಗೊತ್ತೇ ಇದೆ. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು, ಜೊತೆಗೊಂದು ಚೀಟಿ ಕಳಿಸುತ್ತಾರೆ. ನಾವು ಹಲ್ಲು ಮಾಡಿ ವಾಪಸ್ ಕಳಿಸುತ್ತೇವೆ. ಚೀಟಿಯಲ್ಲಿ ನಿನ್ನ ಹೆಸರು, ವಯಸ್ಸು, ಮೇಲಿನ ಸಾಲಿನ ಮುಂದಿನ ಹಲ್ಲು. ಕೆಳಗೆ ಡಾಕ್ಟರ ಕೈಬರಹ: 'ಹಿಂದೆ ಮಾಡಿದ್ದು ತೀರಾ ಬೆಳ್ಳಗೆ ಕಾಣುತ್ತಿದೆ. ಅಕ್ಕಪಕ್ಕದ ಹಲ್ಲುಗಳಿಗೆ ಹೊಂದುವಂತೆ ಬಣ್ಣ ಮೂರು ಹಂತ ಗಾಢವಾಗಿ ಮಾಡಿ.'

ಹಿಂದೆ ಮಾಡಿದವಳು ನಾನು. ನೀನು ಸಿಗರೇಟು ಬಿಟ್ಟು ನೂರು ದಿನವಾಗಿತ್ತು. ಹಲ್ಲೆಲ್ಲ ಕ್ಲೀನ್ ಮಾಡಿಸಿಕೊಂಡು ಬಂದು ಕಿಟಕಿಯ ಬೆಳಕಿನಲ್ಲಿ ಬಾಯಿ ತೆರೆದು ನಿಂತಿದ್ದೆ. ನಾನು ಬಣ್ಣದ ಪಟ್ಟಿ ಹಿಡಿದು ಹೋಲಿಸುತ್ತಿದ್ದರೆ ನೀನು, "ಬೇಗ ನೋಡೇ, ದವಡೆ ಸಿಕ್ಕಿಹಾಕಿಕೊಂಡ್ರೆ ರಿಪೇರಿಗೆ ನಾನೇ ಬರಬೇಕಾಗುತ್ತೆ" ಅಂದಿದ್ದೆ. ಲಿಫ್ಟ್ ಮೆಕ್ಯಾನಿಕ್ಕನ ಜೋಕು. ನಾನು ನಕ್ಕಿದ್ದೆ, ಪಟ್ಟಿ ಹಿಡಿದು ಇನ್ನೊಂದು ಸಲ ನೋಡಬೇಕಾಯಿತು.

ನಾನು ಮಾಡಿದ ಹಲ್ಲಿನ ಬಣ್ಣ ಬದಲಾಗುವುದಿಲ್ಲ, ಅಣ್ಣ. ಬದಲಾದದ್ದು ಪಕ್ಕದವು. ಲ್ಯಾಬಿನಲ್ಲಿ ಮೇಣದ ಕೆಲಸ ಮಾಡುವಾಕೆ, ನೀನು ಮೇಣದಕ್ಕ ಅಂತ ಕರೆಯುತ್ತೀಯಲ್ಲ, ನನ್ನ ಹೆಗಲ ಮೇಲಿಂದ ಡಾಕ್ಟರ ಬರಹ ಮಾತ್ರ ಓದಿ, "ಯಾವನೋ ಬಿಟ್ಟವನು ಮತ್ತೆ ಶುರು ಮಾಡಿದಾನೆ ಬಿಡು" ಅಂದಳು. ನಾನು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಈ ಸುದ್ದಿ ನನಗೆ ನಿನ್ನ ಬಾಯಿಂದ ಬರಬೇಕಿತ್ತು. ನಿನ್ನ ಬಾಯಿಯ ಅಚ್ಚಿನಿಂದ ಅಲ್ಲ. ನನ್ನ ಮೇಜಿಗೇ ಬರುತ್ತದೆ ಎಂದು ಹೊಳೆಯಲಿಲ್ಲವಾ? ಅಥವಾ ಹೊಳೆದೇ ಕಳಿಸಿದೆಯಾ? ನಾಲ್ಕು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ.

ಅವತ್ತೇ ಅತ್ತಿಗೆಗೆ ಫೋನ್ ಮಾಡಿದೆ. ಎಲ್ಲ ಹೇಳಿದರು. ಆರು ತಿಂಗಳ ಹಿಂದೆ ನೀನು ನೋಡಿಕೊಳ್ಳುವ ಒಂದು ಕಟ್ಟಡದ ಲಿಫ್ಟಿನಲ್ಲಿ ಒಬ್ಬ ಮುದುಕರು ಒಂದೂವರೆ ಗಂಟೆ ಸಿಕ್ಕಿಹಾಕಿಕೊಂಡದ್ದು, ಬ್ರೇಕು ಬದಲಿಸಿ ಎಂದು ನೀನು ಎರಡು ಸಲ ಬರೆದುಕೊಟ್ಟಿದ್ದರೂ ನಿಮ್ಮ ಮ್ಯಾನೇಜರು ಅಷ್ಟೂ ಜನರೆದುರು, "ಸ್ಪ್ಯಾನರ್ ಹಿಡಿಯೋಕೆ ಬರುತ್ತೇನಯ್ಯಾ ನಿನಗೆ?" ಎಂದದ್ದು, ನೀನು ಮೇಲಿನ ಮೋಟರ್ ರೂಮಿಗೆ ಹತ್ತಿಹೋಗಿ ಮತ್ತೆ ಸಿಗರೇಟು ಹಚ್ಚಿದ್ದು. ಆ ಮ್ಯಾನೇಜರನ ಅಚ್ಚು ಯಾವತ್ತಾದರೂ ನನ್ನ ಮೇಜಿಗೆ ಬರಲಿ, ಅವನು ಜೀವಮಾನವಿಡೀ ಗಂಜಿ ಕುಡಿಯುವಂಥ ಹಲ್ಲು ಮಾಡಿಕೊಡುತ್ತೇನೆ.

ಆದರೆ ಸಿಗರೇಟು ಬಿಡಿಸುವ ಆ ಕೌನ್ಸೆಲರ್ ಮೊದಲ ದಿನವೇ ಹೇಳಿರಲಿಲ್ಲವಾ? ನಾನೂ ಪಕ್ಕದಲ್ಲೇ ಕೂತಿದ್ದೆ. "ನಿಮ್ಮನ್ನ ಬೀಳಿಸೋದು ಸಿಗರೇಟಲ್ಲ, ಅವಮಾನ, ಸಿಟ್ಟು, ಒಂಟಿತನ. ಆ ಚಡಪಡಿಕೆ ಐದು ನಿಮಿಷ ಇರುತ್ತೆ, ಆಮೇಲೆ ಇಳಿಯುತ್ತೆ. ಆ ಐದು ನಿಮಿಷಕ್ಕೆ ಒಬ್ಬರನ್ನ ಗೊತ್ತು ಮಾಡಿಕೊಳ್ಳಿ." ನೀನು ನನ್ನ ಕಡೆ ತಿರುಗಿ, "ಇವಳೇ ಸಾಕು, ಬಾಯಿಬಡುಕಿ" ಅಂದೆ. ಏಳು ತಿಂಗಳು ನೀನು ಫೋನ್ ಮಾಡಿದೆ. "ಮೇಜಿನ ಮೇಲೆ ಏನಿದೆ, ಹೇಳು" ಅನ್ನುತ್ತಿದ್ದೆ. ನಾನು ಯಾರದೋ ಕೋರೆಹಲ್ಲಿನ ಕಥೆ ಶುರುಮಾಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ನಿನ್ನ ಉಸಿರು ನಿಧಾನವಾಗುವುದು ಕೇಳಿಸುತ್ತಿತ್ತು. "ಹೋಯ್ತು ಕಣೇ" ಎಂದು ನೀನು ಫೋನ್ ಇಡುತ್ತಿದ್ದೆ.

ಒಂದು ಸೇದಿದ್ದಕ್ಕೆ ನನಗೆ ಕೋಪವಿಲ್ಲ. ಜಾರಿದರೆ ಮಾರನೆಯ ದಿನವೇ ಹೇಳಿ, ಮತ್ತೆ ಶುರುಮಾಡೋಣ ಎಂದಿದ್ದರು ಕೌನ್ಸೆಲರ್. ನೀನು ಹೇಳಲಿಲ್ಲ. ನಾಚಿಕೆ ಮುಚ್ಚಿಕೊಳ್ಳಲು ಎರಡನೆಯದು, ಅದನ್ನು ಮುಚ್ಚಲು ಮೂರನೆಯದು. ಫೋನು ನಿಂತುಹೋದಾಗ ನಾನು ದಡ್ಡಿ, ಇನ್ನು ಅಣ್ಣನಿಗೆ ನನ್ನ ಅಗತ್ಯವಿಲ್ಲ ಎಂದು ಹೆಮ್ಮೆಪಟ್ಟೆ. ಆರು ತಿಂಗಳು! ಈಗ ಅದಕ್ಕೆ ಹೊಂದುವ ಹಲ್ಲು ಬೇಕಂತೆ. ನಾನು ನನ್ನ ಕೈಯಾರೆ ಕೂತು ಆ ಕಲೆಗೆ ಬಣ್ಣ ಹಚ್ಚಬೇಕಂತೆ. ಆಗುವುದಿಲ್ಲ. ಆ ಒಂದು ಹಲ್ಲು ಬೆಳ್ಳಗೇ ಇರಲಿ. ಕನ್ನಡಿಯಲ್ಲಿ ಕಣ್ಣಿಗೆ ಹೊಡೆಯಲಿ. ಬೇಕಾದರೆ ಉಳಿದವನ್ನು ಅದರ ಬಣ್ಣಕ್ಕೆ ತಾ.

ಹೋದ ತಿಂಗಳ ಎದೆನೋವನ್ನೂ ಅತ್ತಿಗೆಯೇ ಹೇಳಿದರು. "ಡಾಕ್ಟರು ಹೇಳಿದಾರಮ್ಮ, ಬಿಡದೇ ಇದ್ರೆ ಮುಂದಿನ ಸಲ ನಡ್ಕೊಂಡು ಬರೋ ಹಾಗಿರಲ್ಲ ಅಂತ. ಮತ್ತೆ ಪ್ರಯತ್ನ ಮಾಡಿ ಅಂದ್ರೆ ನಿಮ್ಮಣ್ಣ ಕೈ ಆಡಿಸಿಬಿಡ್ತಾರೆ. 'ಅವತ್ತು ತಂಗಿ ಐದು ನಿಮಿಷ ಮಾತಾಡಿದ್ಲು, ಸಮಾಧಾನ ಮಾಡಿದ್ಲು, ಆದ್ರೂ ಸೇದಿಬಿಟ್ಟೆ. ಇನ್ನು ನನ್ನಿಂದಾಗಲ್ಲ' ಅಂತಾರೆ."

ನನ್ನ ಕೋಪ ನಿನ್ನ ಮೇಲಿನದೋ ಇನ್ಯಾರ ಮೇಲಿನದೋ, ಬರೆಯುತ್ತ ಬರೆಯುತ್ತ ನನಗೇ ಅನುಮಾನ ಬರುತ್ತಿದೆ. ಚೆನ್ನಾಗಿರು, ಅಣ್ಣ. ನೂರು ವರ್ಷ ಇರು. ಇದೂ ಬೈಗುಳದ ಲೆಕ್ಕಕ್ಕೇ ಸೇರಲಿ. ಅತ್ತಿಗೆಗೆ ನಮಸ್ಕಾರ.

ನಿನ್ನ ತಂಗಿ,
ನೀನಿಟ್ಟ ಹೆಸರಿನ 'ಮೂಗಿನ ತುದಿ'

ಮರೆತು ಸೇರಿಸುತ್ತಿರುವುದಲ್ಲ ಇದು. ಆ ಲಿಫ್ಟಿನ ದಿನ ನಾನು ನಿನ್ನ ಫೋನ್ ಎತ್ತಲಿಲ್ಲ. ಮೂರು ಸಲ ಬಂತು. ಮೂರು ಸಲವೂ 'ಅಣ್ಣ' ಎಂದು ನೋಡಿದೆ. ಕೈಯಲ್ಲಿ ಕೆಲಸವಿರಲಿಲ್ಲ, ಕಾಫಿ ಕುಡಿಯುತ್ತಿದ್ದೆ. ಬೇಸರವಾಗಿತ್ತು, ಅಷ್ಟೇ. ಫೋನನ್ನು ಮಗುಚಿಹಾಕಿದೆ. ಮೇಣದಕ್ಕ ಯಾರೆಂದು ಕೇಳಿದಾಗ, "ನಮ್ಮಣ್ಣ. ಹಲ್ಲು ಬರೋ ಮಗು ಥರ ದಿನಾ ಒಂದು ರಾಗ" ಅಂದೆ. ಇಬ್ಬರೂ ನಕ್ಕೆವು. ಸಂಜೆ ನಾನು ಮಾಡಿದಾಗ ನೀನು, "ಏನಿಲ್ಲ ಕಣೇ, ಸುಮ್ನೆ ಮಾಡಿದ್ದೆ" ಅಂದೆ. ನನಗೆ ಅದೇ ಬೇಕಿತ್ತು, ನಂಬಿದೆ.

ನನ್ನನ್ನು ಕಾಪಾಡು ಎಂದು ನಿನಗೆ ಯಾರು ಹೇಳಿದ್ದರು? ತಂಗಿ ಮಾತಾಡಿದಳು ಎಂದು ಅತ್ತಿಗೆಗೆ ಹೇಳುತ್ತ ಹೇಳುತ್ತ ನೀನೇ ಆ ಸುಳ್ಳನ್ನು ನಂಬಿ ಕೂತಿದ್ದೀಯ. ಶುಕ್ರವಾರ ಅತ್ತಿಗೆ, "ನೀನು ಮಾತಾಡಿದ್ದೆ ಅಲ್ವಾ?" ಎಂದಾಗ ನಾನೂ "ಹೌದು ಅತ್ತಿಗೆ" ಅಂದೆ. ಈ ಪತ್ರ ಅವರಿಗೂ ಓದಲು ಕೊಡು. ಆ ಐದು ನಿಮಿಷ ಸೋಲಲಿಲ್ಲ, ಅಣ್ಣ. ಅವತ್ತು ಅದು ನಿನಗೆ ಸಿಗಲೇ ಇಲ್ಲ.

ನಿನ್ನ ಅಚ್ಚು ನನ್ನ ಮೇಜಿನ ಮೇಲಿದೆ, ಫೋನು ಅದರ ಪಕ್ಕದಲ್ಲಿ, ಮುಖ ಮೇಲಾಗಿ. ಹಲ್ಲು ಕಳಿಸಬೇಕಾದ ದಿನವೆಂದು ಚೀಟಿಯಲ್ಲಿ ಬರೆದಿರುವುದು ೧೮ನೇ ತಾರೀಕು, ಗುರುವಾರ. ಅವತ್ತು ಹಲ್ಲಿನ ಬದಲು ಈ ಪತ್ರವನ್ನು ಅಂಚೆಗೆ ಹಾಕುತ್ತೇನೆ.